ಲೋರೆಂಟ್ಸನ ಕೊಳಲಿಗೆ ಬಿಡುವು

ಡ್ರೆಸ್ಡೆನ್, ೯ ಫೆಬ್ರವರಿ ೧೭೩೮

ಪಿಟೀಲು ಮುಟ್ಟಲು ಮನಸ್ಸಿಲ್ಲ. ಆಸ್ಥಾನದಲ್ಲಿ ನನ್ನ ಜೊತೆ ಕೊಳಲು ನುಡಿಸುವ ಗೆಳೆಯ ಲೋರೆಂಟ್ಸನ ಎದೆರೋಗ ಯಾರಿಗೂ ತಿಳಿಯದಿರಲೆಂದು, ಇವತ್ತಿನ ಕಛೇರಿಯ ಸೊನಾಟಾ ಕೃತಿಯನ್ನು ನಕಲು ಮಾಡುವಾಗ ಅವನ ಕೊಳಲಿನ ಸಾಲುಗಳಲ್ಲಿ ಬಿಡುವು ಬರೆದು, ಆ ಸ್ವರಗಳನ್ನು ನನ್ನ ಪಿಟೀಲಿಗೆ ಹಾಕಿಕೊಂಡಿದ್ದೆ. ಬೆಳಿಗ್ಗೆ ಅಭ್ಯಾಸದಲ್ಲಿ ಹಾಳೆ ನೋಡಿದವನೇ ಕೇಳಿದ:

"ಏನೋ ಕಳ್ಳ, ನನ್ನ ಉಸಿರು ಎಣಿಸ್ತಿದ್ದೀಯಾ?"

"ಮೂಲದಲ್ಲೇ ಹಾಗಿದೆ ಕಣೋ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಇನ್ನೆರಡು ಸಾಲು ಬೇಕಾದ್ರೆ ತಗೋ. ಕೊನೇ ಸ್ವರ ಮಾತ್ರ ಮುಟ್ಬೇಡ, ಅದು ನಂದು."

ಸಂಜೆ ದೊರೆಯ ಮುಂದೆ ಆ ಕೊನೇ ಸ್ವರಕ್ಕೆ ಕೊಳಲೆತ್ತಿದ. ಬರೀ ಗಾಳಿ ಬಂತು, ಆಮೇಲೆ ಅದೂ ಇಲ್ಲ. ಅವನು ನನ್ನನ್ನೇ ನೋಡಿದ. ನನ್ನ ಕಮಾನು ತಂತಿಯ ಮೇಲೇ ಇತ್ತು, ಎಳೆಯಲಿಲ್ಲ. ದೊರೆ ಎದ್ದು ಹೋದರು.

ಮುಟ್ಟಬೇಡ ಅಂದಿದ್ದನಲ್ಲ. ಈಗ ಅನಿಸುತ್ತಿದೆ, ಆ ನೋಟ ನನಗೆ ‘ನೀನೇ ನುಡಿಸು’ ಅಂತಲೇ ಹೇಳಿತ್ತು.