ಬೊಂಬೆಯ ಬಲ ಮೊಣಕಾಲು

ಅಂಗಡಿ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಮೊಂಡಿ,

ಅಪ್ಪನ ಆಶೀರ್ವಾದ. ಆಪರೇಷನ್ ಆದ ಮೊಣಕಾಲು ಹೇಗಿದೆ? ನಿನ್ನೆ ಊರುಗೋಲಿಲ್ಲದೆ ಆಸ್ಪತ್ರೆಯ ವರಾಂಡ ದಾಟಿದೆಯಂತೆ; ಫೋನಿನಲ್ಲಿ ಹೇಳುತ್ತಲೇ ಅಮ್ಮ ಗಳಗಳ ಅತ್ತಳು. ಇಲ್ಲಿ ಅಜ್ಜಿಯೂ ನಾನೂ ಚೆನ್ನಾಗಿದ್ದೇವೆ. ಅಡುಗೆ ನನ್ನದೇ. ಅಜ್ಜಿ ಸಹಿಸಿಕೊಂಡಿದ್ದಾರೆ.

ಕಂಪನಿಯವರು ನಿನ್ನ ಬೊಂಬೆಯ ಮಾದರಿ ಕಳಿಸಿದ್ದಾರೆ. ಮನೆಯವರು ಒಪ್ಪಿದರೆ ಉಳಿದವನ್ನು ಮಾಡಿ ಮಾರುತ್ತಾರಂತೆ. 'ಡಬ್ಬ ಬಿಚ್ಚಬೇಡಪ್ಪಾ, ವಾಪಸ್ ಕಳಿಸಿಬಿಡು. ಗೋಲು ಕಾಯ್ತಿದ್ದೋಳು ಬೇರೆ ಯಾರೋ, ನಾನಿನ್ನು ಆಡಲ್ಲ' ಎಂದು ನೀನು ಹೇಳಿದ್ದೆ. ಬಿಚ್ಚಿದೆ. ಮಗಳು ಡಬ್ಬದಲ್ಲಿ ಉಸಿರುಗಟ್ಟಿ ನಿಂತಿರುವಾಗ ಸುಮ್ಮನಿರಲು ನಾನೇನು ಕಲ್ಲೇ?

ಗೇಣುದ್ದ ಇದ್ದೀಯ. ಕನ್ನಡಿಯ ಮುಂದೆ ನಿಲ್ಲಿಸಿ ಸುತ್ತಲೂ ನೋಡಿದೆ. ಕೈಗವಸಿನ ಹೊಲಿಗೆ ಒಂದೊಂದೂ ಕಾಣುತ್ತದೆ, ಹುಬ್ಬಿನ ಹಳೆಯ ಗಾಯವೂ ಇದೆ. ನೆತ್ತಿಯ ಎರಡು ಸುಳಿಯನ್ನೂ ಬಿಟ್ಟಿಲ್ಲ. ಅದು ನನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಎಡಗಿವಿಯ ಮೇಲೆ ಮಾತ್ರ ಕೂದಲು ಚೂರು ಉದ್ದ. ಯಾರಪ್ಪಾ ಈ ಕೆಲಸ ಬಾರದವನು ಎಂದು ಬೈದು, ಕತ್ತರಿಯನ್ನೂ ಎತ್ತಿಕೊಂಡೆ. ಆಮೇಲೆ ಹೊಳೆಯಿತು: ಫೈನಲ್‌ಗೆ ಹೊರಟ ದಿನ ನಾನೇ ಮಾಡಿದ ಕಟಿಂಗ್ ಅದು. ನೀನು ತಲೆ ಅಲ್ಲಾಡಿಸಿದ್ದೆ, ತಪ್ಪು ನನ್ನದಲ್ಲ. ಕುರ್ಚಿಯಲ್ಲಿದ್ದ ಪೋಸ್ಟಿನವರು ನಕ್ಕು ನಕ್ಕು ಸೋಪಿನ ನೊರೆ ನುಂಗಿದರು.

ಕೀಲುಕೀಲೂ ಬಾಗುತ್ತದೆ ಮಗಳೇ. ಅಜ್ಜಿಯ ಕೈಗೆ ಕೊಟ್ಟೆ. ತೋಳು ಮೇಲೆತ್ತಿ, ಸೊಂಟ ಓರೆ ಮಾಡಿ, ಬಲ ಮೊಣಕಾಲು ಮಡಚಿ ಗಾಳಿಯಲ್ಲಿ ಹಾರಿಸಿದರು, ಫೈನಲ್‌ನ ಕೊನೆಯ ಚೆಂಡಿಗೆ ನೀನು ಹಾರಿದ ಹಾಗೆಯೇ. 'ಇವಳೇ ನಮ್ಮ ಮೊಂಡಿ, ಬೇರೆ ಯಾರೂ ಅಲ್ಲ' ಅಂದರು. ಹೆಮ್ಮೆಯಿಂದ ಹೆಗಲ ಮೇಲಿನ ಟವೆಲಿನಲ್ಲಿ ನಿನ್ನ ಮುಖ ಒರೆಸಿದೆ. ಈಗ ನೀನು ಪೌಡರ್ ಡಬ್ಬಿಯ ಪಕ್ಕ ನಿಂತಿದ್ದೀಯ. ಕ್ಷೌರ ಮುಗಿದರೂ ಗಿರಾಕಿಗಳು ಕುರ್ಚಿ ಬಿಟ್ಟು ಏಳುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಔಷಧಿ ತಗೋ. ಅಮ್ಮನ ಮೇಲೆ ರೇಗಬೇಡ. ನಿನ್ನ ತಲೆ ಸವರಿದೆ ಎಂದು ಬರೆಯಲು ಅಜ್ಜಿ ಹೇಳಿದ್ದಾರೆ; ಬೊಂಬೆಯದನ್ನಂತೂ ಸವರಿಯೇಬಿಟ್ಟರು.

ನಿನ್ನ
ಅಪ್ಪ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಕಂಪನಿಯವರು ಫೋನ್ ಮಾಡಿ ಒಪ್ಪಿಗೆಯೇ ಎಂದು ಕೇಳಿದರು. ಒಂದೇ ತಪ್ಪಿದೆ, ಬಲ ಮೊಣಕಾಲು ತೀರ ನುಣ್ಣಗಿದೆ, ಆಪರೇಷನ್ ಹೊಲಿಗೆಯ ಗುರುತು ಹಾಕಿ ಎಂದೆ. ಇದು ಗೆದ್ದ ದಿನದ ಬೊಂಬೆ, ಆಗ ಆ ಗುರುತು ಇರಲಿಲ್ಲವಲ್ಲ ಎಂದರು. 'ಮುಂದಿನ ಸಲ ಗೆಲ್ಲೋವಾಗ ಇರುತ್ತಲ್ಲ, ಹಾಕಿ' ಅಂದೆ.