ಗಾಯ ಸಣ್ಣದಾದರೂ ಬಟ್ಟೆ ದೊಡ್ಡದು ಕಟ್ಟಿ

ಹುಲ್ಲೇಕೆರೆ ಕಾವಲು,
ಇಸವಿ ೨೧೭೪, ಎರಡನೇ ಆಷಾಢದ ಮೂವತ್ತಾರನೇ ದಿನ

ನಾಯಿಗಳ ಸೊಂಟ ರಿಪೇರಿ ಮಾಡುವ ಹಿಂದಿನ ಕಾಲದ ಡಾಕ್ಟರುಗಳಿಗೆ ಜುಂಜಮ್ಮನ ನಮಸ್ಕಾರ.

ತಿಂಗಳಿಗೆ ಮೂವತ್ತಾರು ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ; ತಿಂಗಳನ್ನು ಉದ್ದ ಮಾಡಿದವರು ನನ್ನನ್ನು ಕೇಳಿ ಮಾಡಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ.

ನಮ್ಮಲ್ಲಿ ಹೊಲವಿಲ್ಲ, ಬಿಸಿಲುಹಲಗೆ ಇದೆ. ಬಿಸಿಲಿನಿಂದ ಕರೆಂಟು ಹಿಂಡುವ ಹಲಗೆಗಳು, ಕಣ್ಣು ಹೋದಷ್ಟು ದೂರ. ಅವುಗಳ ನೆರಳಿನ ಹುಲ್ಲು ಕುರಿಗೆ. ಹಲಗೆಯ ಕೆಳಗೆ ಮನುಷ್ಯ ನೆಟ್ಟಗೆ ನಡೆಯಲಾರ, ಆದ್ದರಿಂದ ಒಳಗೆ ನುಗ್ಗಿ ಕುರಿ ಹೊರಡಿಸುವುದು ನಾಯಿಯೇ. ನಮ್ಮ ನಾಯಿ ಗೆಜ್ಜೆ ಕುಂಟಿದರೆ ಮಂದೆಯೇ ಕುಂಟಿದಂತೆ.

ಗೆಜ್ಜೆಯ ಹಿಂಗಾಲಿನ ಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ನಿಮ್ಮ ಕಾಲದವರು ಅಂದಕ್ಕೆಂದು ಸೊಂಟ ಇಳಿಬಿದ್ದ ನಾಯಿಗಳನ್ನೇ ಕೂಡಿಸಿ ಮರಿ ಮಾಡಿಸಿದ ಪುಣ್ಯ ಅದು. ಆ ಜಗಳ ಬೇರೆ ಇದೆ. ನಮ್ಮ ಡಾಕ್ಟರಮ್ಮ ಸಂದಿದಾರಿಯಲ್ಲಿ ಹೋಗಿ ಹೊಸ ಗುಂಡು, ಹೊಸ ಬಟ್ಟಲು ಕೂರಿಸಿದಳು. ಸಂದಿದಾರಿ ಎಂದರೆ ಮಾಂಸ ಕತ್ತರಿಸದೆ, ಎರಡು ಮಾಂಸಖಂಡಗಳ ನಡುವೆ ಸಂದಿ ಬಿಡಿಸಿಕೊಂಡು ಒಳಹೋಗುವುದು. ನೀವೇ ಶುರುಮಾಡಿದ ವಿದ್ಯೆ, ಅದಕ್ಕೆ ಕೈಮುಗಿಯುತ್ತೇನೆ. ಹೊರಗೆ ಉಳಿದದ್ದು ಹೆಬ್ಬೆರಳುದ್ದದ ಗಾಯ, ಅದನ್ನೂ ಅಂಟು ಹಾಕಿ ಮುಚ್ಚಿದ್ದಳು. ಮಾರನೆಯ ದಿನವೇ ಗೆಜ್ಜೆ ಎದ್ದು ಬಾಲ ಆಡಿಸಿದಳು. ಕೇಡು ಶುರುವಾದದ್ದು ಅಲ್ಲಿಂದಲೇ.

ಒಳಗಿನದು ಮಾಗುವವರೆಗೆ ಓಡಿಸಬೇಡ ಎಂದು ಮಂದೆ ಕಾಯುವ ನನ್ನ ಅಳಿಯ ಚಿತ್ತಯ್ಯನಿಗೆ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಆ ಪುಣ್ಯಾತ್ಮ ಕೂದಲು ಸರಿಸಿ ನೋಡಿ, "ಅಯ್ಯೋ ಅತ್ತೆ, ಜಾಲಿ ಮುಳ್ಳು ಗೀರಿದ್ರೂ ಇದಕ್ಕಿಂತ ಜಾಸ್ತಿ ಆಯ್ತದೆ. ಏನೋ ಚೂರು ಒತ್ತಿ ಕಳ್ಸವ್ರೆ," ಎಂದ. ಬೆಳಿಗ್ಗೆ ನಾನು ಒಲೆ ಮುಂದಿದ್ದಾಗ, ಬಾಗಿಲಲ್ಲಿ ಮಲಗಿದ್ದ ಗೆಜ್ಜೆಗೆ ಶಿಳ್ಳೆ ಹಾಕಿದ. ಶಿಳ್ಳೆ ಕೇಳಿದ ಮೇಲೆ ಗೆಜ್ಜೆ ನಿಲ್ಲುತ್ತಾಳೆಯೇ? ಹಲಗೆಯ ಕೆಳಗೆ ನುಗ್ಗಿದಳು, ಒಂದು ತಿರುವಿನಲ್ಲಿ ಗುಂಡು ಬಟ್ಟಲಿಂದ ಹಾರಿತು. ಅವಳ ಕೂಗಿಗೆ ಕುರಿಗಳೂ ಮೇವು ಬಿಟ್ಟು ನಿಂತವು.

"ಕಣ್ಣಿಗೆ ಕಾಣ್ದಿದ್ದು ಇಲ್ವೇ ಇಲ್ಲ ಅಂದ್ರೆ, ನಿನ್ ತಲೇಲಿ ಬುದ್ಧಿ ಐತೆ ಅಂತ ನಾವ್ ಎಂಗ್ ನಂಬಾನ?" ಎಂದು ಬೈದೆ. ಬೈದರೆ ಮೂಳೆ ಕೂರುತ್ತದೆಯೇ? ಈಗ ಗೆಜ್ಜೆ ಮತ್ತೆ ಡಾಕ್ಟರಮ್ಮನ ಮೇಜಿನ ಮೇಲಿದ್ದಾಳೆ. ಈ ಸಲ ಸಂದಿದಾರಿ ಸಾಲದಂತೆ, ಹಳೆಯ ಕಾಲದ ಹಾಗೆ ಉದ್ದಕ್ಕೆ ಕೊಯ್ಯಬೇಕಂತೆ. ಎದ್ದು ನಿಲ್ಲುತ್ತಾಳೋ ಇಲ್ಲವೋ, ಆಕೆಯೂ ಹೇಳಲಾರಳು.

ನನ್ನ ಸಿಟ್ಟು ಅಳಿಯನ ಮೇಲೆ ಅರ್ಧ, ನಿಮ್ಮ ಮೇಲೆ ಅರ್ಧ. ಗಾಯ ಸಣ್ಣದು ಮಾಡುವುದನ್ನು ಕಲಿತಿರಿ, ಲೋಕಕ್ಕೆಲ್ಲ ಕಲಿಸಿದಿರಿ. ಒಳಗೆ ಆದ ಕೆಲಸ ಸಣ್ಣದಲ್ಲ ಎಂದು ಮನೆಯವರಿಗೆ ತೋರಿಸುವ ಬಗೆಯನ್ನು ಯಾಕೆ ಕಲಿಸಲಿಲ್ಲ? ಉದ್ದಕ್ಕೆ ಕೊಯ್ಯುತ್ತಿದ್ದ ಕಾಲದಲ್ಲಿ ಹೊಲಿಗೆಯ ಸಾಲು ನೋಡಿಯೇ ಜನ ಹೆದರಿ, ನಾಯಿಯನ್ನು ಮಲಗಲು ಬಿಡುತ್ತಿದ್ದರಂತೆ. ಆದ್ದರಿಂದ ನನ್ನ ಕೋರಿಕೆ: ಮನೆಗೆ ಕಳಿಸುವ ಮುನ್ನ ಸೊಂಟದ ಸುತ್ತ ಕೆಂಪು ಬಟ್ಟೆ, ದಪ್ಪಗೆ, ಊರಿಗೆಲ್ಲ ಕಾಣುವ ಹಾಗೆ ಕಟ್ಟಿ. "ಅದ್ರಿಂದ ನಾಯಿಗೇನೂ ಉಪಯೋಗ ಇಲ್ಲ ಅಜ್ಜಿ," ಎಂದಳು ನಮ್ಮ ಡಾಕ್ಟರಮ್ಮ. "ನಾಯಿಗಲ್ಲ ಕಣವ್ವ, ಚಿತ್ತಯ್ಯಂಗೆ," ಎಂದೆ.

ಇವತ್ತೇ, ನಿಮ್ಮ ಮೇಜಿನ ಮೇಲಿರುವ ನಾಯಿಗೇ ಕಟ್ಟಿ. ಅದು ರೂಢಿಯಾಗಿ ನಮ್ಮವರೆಗೆ ನಡೆದು ಬಂದರೆ, ಆ ಬೆಳಿಗ್ಗೆ ಶಿಳ್ಳೆಗೆಂದು ಬಾಯಿಗೆ ಬೆರಳಿಟ್ಟ ಚಿತ್ತಯ್ಯ ಬಟ್ಟೆ ನೋಡಿ ಕೈ ಇಳಿಸಿಯಾನು. ಹಾಗಾದರೆ ಗೆಜ್ಜೆ ಇನ್ನೂ ಬಾಗಿಲಲ್ಲೇ ಮಲಗಿರುತ್ತಾಳೆ.

ಜುಂಜಮ್ಮ