ಸಮ ಮಾಡಿದ ತಾಳಗಳು

ಹಾಸ್ಟೆಲ್, ಹೈದರಾಬಾದ್
೪ ಡಿಸೆಂಬರ್ ೧೯೨೧

ಅಪ್ಪನವರಿಗೆ ಶರಣು.

"ದಿಗಂಬರ ಕಾಸಾರ ಕಂಚಿನಾಗ ಕಲಬೆರಕಿ ಮಾಡ್ಯಾನ, ಇನ್ನ ಅಂವನ ಹೊಸ್ತಿಲಾ ತುಳಿಯಂಗಿಲ್ಲ" ಎಂದು ನೀವು ಹೇಳಿದ್ದನ್ನು ಅವ್ವ ಬರೆಸಿದ್ದಾಳೆ. ಅದನ್ನು ಓದಿದಂದಿನಿಂದ ಕ್ಲಾಸಿನಲ್ಲಿ ಏನೂ ತಲೆಗೆ ಹೋಗುತ್ತಿಲ್ಲ. ದಿಗಂಬರ ಕಾಕಾನ ಕಂಚು ಚೊಕ್ಕವಾಗಿತ್ತು. ತಪ್ಪು ನನ್ನದು.

ನೀವು ಮೃದಂಗ ನುಡಿಸಿ ಶ್ರುತಿ ತೋರಿಸುತ್ತ, ಅವರು ಅರದಿಂದ ಉಜ್ಜುತ್ತ, ವರ್ಷವಿಡೀ ಕೂತು ಮಾಡಿದ ಐದು ಜೋಡಿ ತಾಳಗಳನ್ನು ಇಲ್ಲಿ ಅಂಗಡಿ ಇಟ್ಟಿರುವ ಉದಗೀರದ ಮನ್ಮಥಪ್ಪನವರಿಗೆ ತೋರಿಸಲು ನನ್ನ ಕೈಗೆ ಕೊಟ್ಟಿರಿ. ಹಾಸ್ಟೆಲ್ಲಿನಲ್ಲಿ ಗಂಟು ಬಿಚ್ಚಿ ನೋಡಿದೆ. ಪ್ರತಿ ಜೋಡಿಯಲ್ಲೂ ಒಂದು ತಾಳ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪವಿತ್ತು. ಅದು ಡಿಫೆಕ್ಟ್ ಎಂದುಕೊಂಡೆ, ಪೇಟೆಯವರು ನಗುತ್ತಾರೆಂದು ಹೆದರಿದೆ. ನಿಮ್ಮನ್ನು ಕೇಳದೆ ಒಬ್ಬ ಅಕ್ಕಸಾಲಿಯಿಂದ ಅರ ಹಾಕಿಸಿ ಎಲ್ಲವನ್ನೂ ಸಮ ಮಾಡಿಸಿದೆ.

ಮನ್ಮಥಪ್ಪನವರು ಬಾರಿಸಿ ನೋಡಿ, "ಏನ್ರೀ ಅಯ್ನೋರ, ಠಣ್ ಅಂತಾವ, ಮುಂದ ನಡುಗೂದೇ ಇಲ್ಲ. ಮಠದಾಗ ಯಾರ ತಗೋತಾರ ಇವನ್ನ?" ಎಂದು ವಾಪಸು ಕೊಟ್ಟರು. ಆ ಕೂದಲೆಳೆಯ ಅಂತರದಿಂದಲೇ ನಾದ ನಡುಗುತ್ತಿತ್ತೆಂದು ಆಗ ತಿಳಿಯಿತು. ನಿಮಗೆ ಬರೆಯುವಾಗ ಅವರ ಮಾತಷ್ಟೇ ಬರೆದೆ, ಅರದ ಸುದ್ದಿ ಮುಚ್ಚಿಟ್ಟೆ. ಅದಕ್ಕೇ ನೀವು ಕಾಕಾನ ಕಂಚಿನ ಮೇಲೆ ಸಂಶಯಪಟ್ಟಿರಿ.

ಅರ ತಿಂದ ಕಂಚು ಮರಳಿ ಬರುವುದಿಲ್ಲ. ಇದು ಕೈಸೇರಿದ ಮೇಲೆ ಬರುವ ಮೊದಲ ಸೋಮವಾರವೇ ಕಾಕಾನ ಊರು ಕಾಸಾರಶಿರಸಿಗೆ ಹೋಗಿ ಈ ಕಾಗದವನ್ನು ಕಾಕಾಗೆ ಓದಿ ಹೇಳಿರಿ. ಅವರಿಗೆ ಅಕ್ಷರ ಬರುವುದಿಲ್ಲವೆಂದು ನನ್ನ ತಪ್ಪಿನ ಸಾಲುಗಳನ್ನು ಹಾರಿಸಬೇಡಿರಿ. ಅವರು ಹೇಗೆ ಬೈದರೋ ಹಾಗೆಯೇ ನನಗೆ ಬರೆದು ಕಳಿಸಿರಿ.

ನಿಮ್ಮ ಮಗ,
ಮರುಳಸಿದ್ಧಯ್ಯ